ಅವಧಿ ಮುಗಿದ ಡೊಮೈನನ್ನು ರಿಜಿಸ್ಟ್ರಾರೇ ಹರಾಜಿಗಿಟ್ಟರೆ: ನಿಯಮ ಎಲ್ಲಿಯವರೆಗೆ, ನ್ಯಾಯ ಎಲ್ಲಿಯವರೆಗೆ?

ಹೊಳೆದಂಡೆ, ಶಿವಮೊಗ್ಗ (ಪ್ರಶ್ನೆ)

ಹೊಸನಗರ ತಾಲೂಕಿನ ಒಂದು ಹೋಂಸ್ಟೇಯ ಡಾಟ್ ಕಾಮ್ ಹೆಸರಿನ ಅವಧಿ ಜೂನ್ 10ಕ್ಕೆ ಮುಗಿದಿದೆ. ಇವತ್ತು ಜುಲೈ 8, 28ನೇ ದಿನ. ಸೈಟ್ ತೆರೆದರೆ ಬರೀ ಜಾಹೀರಾತಿನ ಕೊಂಡಿಗಳು. ಹೆಸರು ನೋಂದಾಯಿಸಿಕೊಟ್ಟ ಕಂಪನಿ, ಅಂದರೆ ರಿಜಿಸ್ಟ್ರಾರ್‌ನ ಹರಾಜು ಪುಟದಲ್ಲಿ ಈ ಹೆಸರು ಮಾರಾಟಕ್ಕಿದೆ, ಆಗಲೇ ಎರಡು ಬಿಡ್ ಬಿದ್ದಿವೆ. ಸಪೋರ್ಟ್‌ನವರನ್ನು ಕೇಳಿದರೆ "ರಿಡೆಂಪ್ಷನ್‌ಗೆ ಹೋಗಿದೆ, 9,500 ರೂಪಾಯಿ ಪ್ಲಸ್ ಜಿಎಸ್‌ಟಿ ಕಟ್ಟಿ" ಎನ್ನುತ್ತಾರೆ; ಅಳಿಸಿದ ಹೆಸರನ್ನು ಹೆಚ್ಚು ಶುಲ್ಕ ಕಟ್ಟಿ ಬಿಡಿಸಿಕೊಳ್ಳುವ ಹಂತವಂತೆ ಅದು. ಮಾಮೂಲಿ ನವೀಕರಣಕ್ಕೆ ಸಾವಿರದ ಚಿಲ್ಲರೆ ಆಗುತ್ತಿತ್ತು.

ಹೆಸರು ನೋಂದಾಯಿಸಿದ್ದು ವೆಬ್ ಡಿಸೈನರ್ ಒಬ್ಬರ ರೀಸೆಲ್ಲರ್ (ಮರುಮಾರಾಟಗಾರ) ಖಾತೆಯಿಂದ. ಸಂಪರ್ಕದ ಇಮೇಲ್ ಅದೇ ಡೊಮೈನಿನದ್ದು. ಹೂಯಿಸ್‌ನಲ್ಲಿ (ಹೆಸರಿನ ನೋಂದಣಿ ವಿವರ ತೋರಿಸುವ ಸೇವೆ) ನೋಡಿದರೆ ಒಂದು ಕಡೆ ಮುಕ್ತಾಯದ ದಿನಾಂಕ ಕಳೆದ ಜೂನ್ 10, ಇನ್ನೊಂದು ಕಡೆ ಮುಂದಿನ ವರ್ಷದ ಜೂನ್ 10! ಯಾವುದನ್ನು ನಂಬಬೇಕು? ಮಾಲೀಕನಿಗೆ ಬಿಡಿಸಿಕೊಳ್ಳಲು ಅವಕಾಶ ಇರುವಾಗಲೇ ಹರಾಜು ಕೂಗುವುದು ಸರಿಯೇ? ಜೋಗ ತುಂಬುವ ಹೊತ್ತು, ಬುಕಿಂಗ್ ಎಲ್ಲ ಅದೇ ಮೇಲ್‌ಗೆ ಬರಬೇಕು.

ಕೊಡಚಾದ್ರಿ ಡಿಎನ್‌ಎಸ್

ಮೊದಲು ದಿನಾಂಕದ ಗೊಂದಲ ಬಿಡಿಸೋಣ, ಯಾಕೆಂದರೆ ನಿಮ್ಮ ಕೈಲಿರುವ ಬಲವಾದ ಸಾಕ್ಷಿ ಅದೇ.

ಡಾಟ್ ಕಾಮ್‌ನ ರಿಜಿಸ್ಟ್ರಿ, ಅಂದರೆ ಎಲ್ಲ ಹೆಸರುಗಳ ಮೂಲ ದಾಖಲೆ ಇಡುವ ಕಂಪನಿ, ವೆರಿಸೈನ್. ಅವಧಿ ಮುಗಿದ ಗಳಿಗೆಯಲ್ಲೇ ಅದು ಹೆಸರನ್ನು ತಾನಾಗಿ ಒಂದು ವರ್ಷ ಮುಂದಕ್ಕೆ ಹಾಕಿ, ರಿಜಿಸ್ಟ್ರಾರ್‌ನ ಖಾತೆಯಿಂದ ಸಗಟು ದರ ಮುರಿದುಕೊಳ್ಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಆ ದರ 10.26 ಡಾಲರ್ ಆಯಿತು. ಅವಧಿ ಮುಗಿದ ದಿನದಿಂದ 45 ದಿನ ಆಟೋ ರಿನ್ಯೂ ಅವಧಿ. ಅಷ್ಟರೊಳಗೆ ರಿಜಿಸ್ಟ್ರಾರ್ ಹೆಸರನ್ನು ಅಳಿಸಿದರೆ ಕಟ್ಟಿದ ದುಡ್ಡು ಪೂರ್ತಿ ವಾಪಸ್. ಹಾಗಾಗಿ ರಿಜಿಸ್ಟ್ರಿಯ ದಾಖಲೆಯಲ್ಲಿ ಮುಂದಿನ ವರ್ಷ ಕಾಣುತ್ತದೆ, ರಿಜಿಸ್ಟ್ರಾರ್‌ನ ದಾಖಲೆಯಲ್ಲಿ ಹಳೆಯ ದಿನಾಂಕ ಕಾಣುತ್ತದೆ. ಎರಡೂ ಸರಿಯೇ. ಮುಂದಿನ ವರ್ಷದ ದಿನಾಂಕ ನೋಡಿ "ನವೀಕರಣ ಆಗಿದೆ" ಎಂದು ನಿಶ್ಚಿಂತೆಯಿಂದ ಕೂತವರೇ ಹೆಚ್ಚಾಗಿ ಹೆಸರು ಕಳೆದುಕೊಳ್ಳುವುದು.

ಅಳಿಸಿದ ಮೇಲೆ 30 ದಿನ ರಿಡೆಂಪ್ಷನ್, ಆಮೇಲೆ 5 ದಿನ ಪೆಂಡಿಂಗ್ ಡಿಲೀಟ್ (ಯಾರೂ ಬಿಡಿಸಲಾಗದ ಕೊನೆಯ ಹಂತ). ನಿಮ್ಮ ಹೆಸರಿಗೆ ಲೆಕ್ಕ ಹಾಕಿದರೆ ಆಟೋ ರಿನ್ಯೂ ಜುಲೈ 25ರವರೆಗೆ, ರಿಡೆಂಪ್ಷನ್ ಆಗಸ್ಟ್ 24ರವರೆಗೆ, 29ಕ್ಕೆ ಹೆಸರು ಬಯಲಿಗೆ. ಆದರೆ ಇದು ಗರಿಷ್ಠ ಲೆಕ್ಕ. 45 ದಿನ ಎನ್ನುವುದು ರಿಜಿಸ್ಟ್ರಿ ರಿಜಿಸ್ಟ್ರಾರ್‌ಗೆ ಕೊಟ್ಟ ಸಮಯ, ನಿಮಗೆ ಕೊಟ್ಟದ್ದಲ್ಲ. ರಿಜಿಸ್ಟ್ರಾರ್ 2ನೇ ದಿನವೇ ಅಳಿಸಬಹುದು. ಹಾಗೆ ಅಳಿಸಿದರೂ 30 ದಿನದ ರಿಡೆಂಪ್ಷನ್ ಮಾತ್ರ ಹಳೆಯ ಮಾಲೀಕನಿಗೆ ಸಿಗಲೇಬೇಕು.

ಈಗ ಒಂದು ಕೆಲಸ ಮಾಡಿ. ಡೊಮೈನ್ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐಕ್ಯಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿ ಸ್ಟೇಟಸ್ ಸಾಲು ಓದಿ. ಡಾಟ್ ಕಾಮ್‌ನಂಥ ಹೆಸರುಗಳಿಗೆ 2025ರ ಜನವರಿಯಿಂದ ಹೂಯಿಸ್ ಬದಲು ಅದರ ಹೊಸ ರೂಪವಾದ ಆರ್‌ಡಿಎಪಿ ಅಧಿಕೃತ, ಹಾಗಾಗಿ ಮೂರನೆಯವರ ಹೂಯಿಸ್ ಸೈಟ್‌ಗಳನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿ "ಆಟೋ ರಿನ್ಯೂ ಪೀರಿಯಡ್" ಅಂತಿದ್ದರೆ ಹೆಸರು ರಿಡೆಂಪ್ಷನ್‌ಗೆ ಹೋಗಿಲ್ಲ. "ರಿಡೆಂಪ್ಷನ್ ಪೀರಿಯಡ್" ಅಂತಿದ್ದರೆ ಮಾತ್ರ ಹೋಗಿದೆ. ಹರಾಜಿನಲ್ಲಿ ಇದೆ ಅಂದಮೇಲೆ ಬಹುಪಾಲು ಮೊದಲನೆಯದೇ ಇರುತ್ತದೆ. ರಿಡೆಂಪ್ಷನ್‌ನಲ್ಲಿರುವ ಹೆಸರನ್ನು ಹಳೆಯ ಮಾಲೀಕನ ಪರವಾಗಿ ಬಿಡಿಸಬಹುದೇ ಹೊರತು ಹರಾಜಿನಲ್ಲಿ ಗೆದ್ದವನಿಗೆ ದಾಟಿಸಲು ಬರುವುದಿಲ್ಲ.

ನಿಜವಾದ ರಿಡೆಂಪ್ಷನ್ ಆಗಿದ್ದರೆ ರಿಜಿಸ್ಟ್ರಾರ್ ವೆರಿಸೈನ್‌ಗೆ 40 ಡಾಲರ್ ರೀಸ್ಟೋರ್ ಶುಲ್ಕ ಮತ್ತು ಒಂದು ವರ್ಷದ ದರ ಕಟ್ಟಬೇಕು. ಆಟೋ ರಿನ್ಯೂ ಹಂತದಲ್ಲಿ ಆ 40 ಡಾಲರ್ ಖರ್ಚು ಹುಟ್ಟುವುದೇ ಇಲ್ಲ. ಇಲ್ಲದ ಖರ್ಚಿಗೆ ರಿಡೆಂಪ್ಷನ್ ಎಂದು ಹೆಸರಿಟ್ಟು ವಸೂಲಿ ಮಾಡುವುದು ಈ ವ್ಯವಹಾರದ ಹಳೆಯ ಚಾಳಿ. ಸ್ಟೇಟಸ್ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಕಾಣುವಂತೆ ಇಟ್ಟುಕೊಂಡು, "ನಿಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸಿದ ಅವಧಿ ನಂತರದ ನವೀಕರಣ ಶುಲ್ಕ ಎಷ್ಟು, ಪುಟದ ಕೊಂಡಿ ಕೊಡಿ" ಎಂದು ಬರಹದಲ್ಲಿ ಕೇಳಿ. ಫೋನ್‌ನಲ್ಲಿ ಬೇಡ.

ಮಂಡಿಲೆಕ್ಕ

ಮೇಲಿನದಕ್ಕೆ ನಿಯಮದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಐಕ್ಯಾನ್‌ನ ಅವಧಿ ಮೀರಿದ ನೋಂದಣಿ ಮರುಪಡೆಯುವ ನೀತಿ 2013ರ ಆಗಸ್ಟ್ 31ರಿಂದ ಜಾರಿಯಲ್ಲಿದೆ. ಅದು ಹೇಳುವುದು ಇಷ್ಟು: ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ ಒಂದು ನೋಟಿಸ್, ಸುಮಾರು ಒಂದು ವಾರ ಮುಂಚೆ ಇನ್ನೊಂದು, ಮುಗಿದ 5 ದಿನದೊಳಗೆ ಮೂರನೆಯದು. ಮಾಲೀಕ ಲಾಗಿನ್ ಆಗಿ ಹುಡುಕಿದರೆ ಮಾತ್ರ ಸಿಗುವಂಥ ನೋಟಿಸ್ ಲೆಕ್ಕಕ್ಕಿಲ್ಲ, ಅದು ತಾನಾಗಿ ತಲುಪುವ ದಾರಿಯಲ್ಲಿ ಬರಬೇಕು. ನವೀಕರಣದ ದರ, ತಡವಾದರೆ ಕಟ್ಟುವ ದರ, ರಿಡೆಂಪ್ಷನ್ ದರ ಮೂರೂ ಸೈಟಿನಲ್ಲಿ ಕಾಣುವಂತಿರಬೇಕು. ರೀಸೆಲ್ಲರ್ ಮೂಲಕ ಮಾರಿದ್ದರೂ ಹೊಣೆ ರಿಜಿಸ್ಟ್ರಾರ್‌ನದ್ದೇ.

ನಿಮ್ಮ ಪ್ರಕರಣಕ್ಕೆ ಮುಖ್ಯವಾದ ಇನ್ನೆರಡು ಅಂಶಗಳಿವೆ. ಮಾಲೀಕನಿಗೆ ನವೀಕರಿಸಲು ಅವಕಾಶ ಇರುವ ಕೊನೆಯ 8 ದಿನ ಸತತವಾಗಿ ಸೈಟ್, ಮೇಲ್ ನಿಲ್ಲಿಸಬೇಕು. ಇದು ಶಿಕ್ಷೆಯಲ್ಲ; ಮೇಲ್ ನೋಡದವನಿಗೂ ಏನೋ ಆಗಿದೆ ಎಂದು ಗೊತ್ತಾಗಲಿ ಎಂದು ಇಟ್ಟ ಗಂಟೆ. ಮತ್ತೆ, ಆ ಅವಧಿಯಲ್ಲಿ ಸೈಟಿಗೆ ಬಂದವರನ್ನು ಬೇರೆ ಪುಟಕ್ಕೆ ತಿರುಗಿಸಿದರೆ, ಆ ಪುಟದಲ್ಲಿ ಹೆಸರಿನ ಅವಧಿ ಮುಗಿದಿದೆ ಎಂಬುದೂ ನವೀಕರಿಸುವ ವಿಧಾನವೂ ಎದ್ದು ಕಾಣಬೇಕು. ಬರೀ ಜಾಹೀರಾತು ಇದ್ದರೆ ಅದು ನೇರ ಉಲ್ಲಂಘನೆ. ಪುಟವನ್ನು ಮೊಬೈಲ್‌ನಲ್ಲೂ ಕಂಪ್ಯೂಟರ್‌ನಲ್ಲೂ ತೆರೆದು ಚಿತ್ರ ತೆಗೆದಿಡಿ. ಕೆಲವೊಮ್ಮೆ ಆ ಸಾಲು ಪುಟದ ತಳದಲ್ಲಿ ಇರುವೆ ಸಾಲಿನ ಹಾಗೆ ಇರುತ್ತದೆ. ಅದನ್ನು "ಎದ್ದು ಕಾಣುವುದು" ಅನ್ನಬೇಕೋ ಬೇಡವೋ ಎಂಬುದು ದೂರಿನಲ್ಲಿ ವಾದಿಸಬೇಕಾದ ವಿಷಯ.

ಇನ್ನು ನ್ಯಾಯದ ಪ್ರಶ್ನೆ. ನೀತಿಯಲ್ಲಿ 30 ದಿನದ ರಿಡೆಂಪ್ಷನ್ ಎಂಬ ರಕ್ಷೆ ಇದೆ, ಆದರೆ ಅದು ಶುರುವಾಗುವುದು ಹೆಸರನ್ನು ಅಳಿಸಿದಾಗ. ಹರಾಜಿನಲ್ಲಿ ಹೆಸರು ಅಳಿಯುವುದೇ ಇಲ್ಲ. 25ನೇ ದಿನದ ಆಸುಪಾಸಿನಲ್ಲಿ ಕೂಗಿ, 40ನೇ ದಿನದ ಹೊತ್ತಿಗೆ ಗೆದ್ದವನ ಖಾತೆಗೆ ದಾಟಿಸಿಬಿಡುತ್ತಾರೆ. ಮೊದಲ ನೋಂದಣಿಯ ದಿನಾಂಕ, ಹಳೆಯ ಕೊಂಡಿಗಳು, ಗೂಗಲ್‌ನಲ್ಲಿ ಗಳಿಸಿದ ಸ್ಥಾನ ಎಲ್ಲ ಹಾಗೇ ಉಳಿಯುವುದರಿಂದ ಬೆಲೆಯೂ ಹೆಚ್ಚು. ಅಂದರೆ ರಕ್ಷೆಯನ್ನು ಮುರಿಯಲಿಲ್ಲ, ಅದರ ಬಾಗಿಲಿಗೇ ಹೋಗಲಿಲ್ಲ. ಮಾಲೀಕನಿಗೆ 75 ದಿನ ಇದೆ ಎಂದು ಎಲ್ಲೋ ಓದಿ ನಂಬಿಕೊಂಡಿದ್ದರೆ, ನಿಜಕ್ಕೂ ಸಿಕ್ಕಿದ್ದು ಸುಮಾರು 40.

ರಿಜಿಸ್ಟ್ರಾರ್‌ಗಳು ಹೆಸರುಗಳನ್ನು ದಾಸ್ತಾನು ಮಾಡುವುದರ ವಿರುದ್ಧ ನಿಯಮ ಇಲ್ಲವೇ ಎಂದು ಕೇಳಬಹುದು. ಐಕ್ಯಾನ್ ಜತೆಗಿನ ಒಪ್ಪಂದದ 3.7.9ನೇ ಕಲಮಿನಲ್ಲಿ, ದಾಸ್ತಾನು ಅಥವಾ ಸಟ್ಟಾ ನಿರ್ಬಂಧಿಸುವ ಯಾವುದೇ ನೀತಿ ಬಂದರೆ ಅದನ್ನು ಪಾಲಿಸುತ್ತೇವೆ ಎಂದು ಬರೆದುಕೊಟ್ಟಿದ್ದಾರೆ. ಅಂಥ ನೀತಿ ಇವತ್ತಿಗೂ ಬಂದಿಲ್ಲ. ಬೇಲಿಗೆ ಗೂಟ ನೆಟ್ಟಿದ್ದಾರೆ, ತಂತಿ ಕಟ್ಟಿಲ್ಲ.

ಸರಕುಬೆಟ್ಟೆ

ಎಲ್ಲರೂ ರಿಜಿಸ್ಟ್ರಾರನ್ನೇ ಕಟಕಟೆಗೆ ನಿಲ್ಲಿಸುತ್ತಿದ್ದೀರಿ. ಇನ್ನೊಂದು ಕಡೆಯನ್ನೂ ನೋಡಿ.

ಹರಾಜು ಇಲ್ಲದಿದ್ದರೆ ಮೊದಲ ವಾರವೇ ಅಳಿಸಿ ದುಡ್ಡು ವಾಪಸ್ ಪಡೆಯುವುದು ರಿಜಿಸ್ಟ್ರಾರ್‌ಗೆ ಲಾಭ. 40 ದಿನ ಹಿಡಿದಿಟ್ಟುಕೊಳ್ಳುವುದೇ ಹರಾಜಿನ ಆಸೆಗೆ. ಆ ಆಸೆಯ ನೆರಳಿನಲ್ಲಿ ಮಾಲೀಕನಿಗೂ ಕಡಿಮೆ ದರದಲ್ಲಿ ನವೀಕರಿಸುವ ಅವಕಾಶ ಸಿಗುತ್ತದೆ. ಅಳಿಸಿದ್ದರೆ ರಿಡೆಂಪ್ಷನ್ ದರವೇ ಗತಿ. ಹರಾಜು ನಡೆಯುತ್ತಿರುವಾಗ ಹಳೆಯ ಮಾಲೀಕ ದುಡ್ಡು ಕಟ್ಟಿದರೆ ಬಿಡ್ ರದ್ದಾಗಿ ಗೆದ್ದವನಿಗೆ ಹಣ ಹಿಂದಿರುಗುತ್ತದೆ, ಬಹುತೇಕ ಕಡೆ ಕ್ರಮ ಹೀಗೇ.

ಇನ್ನು ಅಳಿಸಿ ಬಯಲಿಗೆ ಬಿಟ್ಟರೆ ನಮ್ಮ ಹೋಂಸ್ಟೇಯವರಿಗೆ ಸಿಗುತ್ತದೆಯೇ? ವೆರಿಸೈನ್ ದಿನವೂ ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 2 ಗಂಟೆಗೆ ಹೆಸರುಗಳನ್ನು ಬಿಡಲು ಶುರುಮಾಡುತ್ತದೆ. ನಮಗೆ ಅದು ಬೇಸಿಗೆಯಲ್ಲಿ ರಾತ್ರಿ 11.30, ಚಳಿಗಾಲದಲ್ಲಿ 12.30. ಹೀಗೆ ಬಿಟ್ಟ ಹೆಸರುಗಳನ್ನು ಹಿಡಿಯುವ ಕಂಪನಿಗಳು ಇದಕ್ಕೆಂದೇ ನೂರಾರು ರಿಜಿಸ್ಟ್ರಾರ್ ಪರವಾನಗಿ ಇಟ್ಟುಕೊಂಡಿವೆ, ಯಾಕೆಂದರೆ ಪ್ರತಿ ಪರವಾನಗಿಗೆ ಇಂತಿಷ್ಟು ಸಂಪರ್ಕ ಎಂಬ ಮಿತಿ ಇದೆ. ಒಳ್ಳೆಯ ಹೆಸರು ಸೆಕೆಂಡಿನೊಳಗೆ ಹೋಗುತ್ತದೆ. ಮಲೆನಾಡಿನ ಮಳೆಗಾಲದ ಕರೆಂಟಿನಲ್ಲಿ, ಒಂದು ಗೆರೆ ಸಿಗ್ನಲ್ ಹಿಡಿದು ಕೂತವರು ಅವರ ಜತೆ ಓಡಲಾಗದು.

ಡೊಮೈನ್ ಆಸ್ತಿ ಅಲ್ಲ, ಗೇಣಿ. ಗೇಣಿ ಕಟ್ಟದಿದ್ದರೆ ಬಿಡಬೇಕಾಗುತ್ತದೆ ಎಂದು ಒಪ್ಪಂದದಲ್ಲಿ ಬರೆದಿದೆ, ನೋಂದಾಯಿಸುವಾಗ ಒಪ್ಪಿದ್ದೇವೆ.

ಮಂಡಿಲೆಕ್ಕ

ಗೇಣಿ ಎಂಬ ಮಾತು ನೀವೇ ತೆಗೆದಿರಿ, ಒಳ್ಳೆಯದಾಯಿತು. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ರೈತರು ಎದ್ದಿದ್ದು ಗೇಣಿ ಕೊಡುವುದಿಲ್ಲ ಎಂದಲ್ಲ, ಅಳೆಯುವ ಕೊಳಗ ಒಡೆಯನದು ಮತ್ತು ಅದು ದೊಡ್ಡದು ಎಂದು. ಇಲ್ಲಿಯೂ ತಕರಾರು ಅದೇ. ದಿನ ಎಣಿಸುವವನು, ನೋಟಿಸ್ ಕಳಿಸುವವನು, ತಡದ ಶುಲ್ಕ ನಿಗದಿ ಮಾಡುವವನು, ಕೊನೆಗೆ ಹರಾಜು ಕೂಗಿ ದುಡ್ಡು ಎಣಿಸಿಕೊಳ್ಳುವವನು ಒಬ್ಬನೇ. ನವೀಕರಣ ಆದರೆ ಅವನಿಗೆ ಉಳಿಯುವುದು ನೂರಿನ್ನೂರು ರೂಪಾಯಿ, ಆಗದಿದ್ದರೆ ಸಾವಿರಗಟ್ಟಲೆ. ಹಾಗಿರುವಾಗ ನೆನಪಿನ ಮೇಲ್ ಎಷ್ಟು ಸ್ಪಷ್ಟವಾಗಿ ಬರೆಯುತ್ತಾನೆ? ನಮ್ಮ ಅಡಿಕೆ ಮಂಡಿಯಲ್ಲಿ ರೈತ ಇಟ್ಟುಹೋದ ರಾಶಿ ಮೂಟೆಗೆ ಬಾಡಿಗೆ ಬಾಕಿ ಇದ್ದರೆ ಮಂಡಿಯವನು ಬಾಕಿ ಹಿಡಿದುಕೊಂಡು ಉಳಿದದ್ದನ್ನು ರೈತನ ಲೆಕ್ಕಕ್ಕೆ ಹಾಕುತ್ತಾನೆ. ಇಲ್ಲಿ ಮೂಟೆಯೂ ಅವನದೇ, ಬೆಲೆಯೂ ಅವನದೇ.

ಹರಾಜಿನ ಒಳಗೇ ಏನಾಗಬಹುದು ಎಂಬುದಕ್ಕೂ ದಾಖಲೆ ಇದೆ. 2009ರಲ್ಲಿ ಸ್ನಾಪ್‌ನೇಮ್ಸ್ ಎಂಬ ಹರಾಜು ಸಂಸ್ಥೆ, ತನ್ನದೇ ಉದ್ಯೋಗಿಯೊಬ್ಬ ಸುಳ್ಳು ಹೆಸರಿನಲ್ಲಿ 2005ರಿಂದ ಬಿಡ್ ಮಾಡುತ್ತಿದ್ದುದನ್ನು ತಾನೇ ಬಹಿರಂಗಪಡಿಸಿ, ಹೆಚ್ಚು ಕೊಟ್ಟ ಗ್ರಾಹಕರಿಗೆ ಬಡ್ಡಿ ಸಮೇತ ಮರುಪಾವತಿ ಕೊಡಲು ಮುಂದಾಯಿತು. ಒಪ್ಪಿಕೊಂಡಿದ್ದು ಮೆಚ್ಚಬೇಕಾದದ್ದೇ. ಆದರೆ ನಾಲ್ಕು ವರ್ಷ ಹೊರಗಿನವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ನನ್ನ ಮಟ್ಟಿಗೆ ಯೋಗ್ಯ ರಿಜಿಸ್ಟ್ರಾರ್ ಯಾರು ಎಂದು ನೋಡಲು ಮೂರು ಪ್ರಶ್ನೆ ಸಾಕು: ಮುಗಿದ ಮೇಲಿನ ನೋಟಿಸಿನಲ್ಲಿ "ಇಂಥ ದಿನ ಹರಾಜಿಗೆ ಹೋಗುತ್ತದೆ, ಇಂಥ ದಿನದವರೆಗೆ ಮಾಮೂಲಿ ದರ" ಎಂದು ದಿನಾಂಕ ಸಮೇತ ಇದೆಯೇ? ಸಂಸ್ಥೆಯವರಾಗಲಿ ಅಂಗಸಂಸ್ಥೆಯಾಗಲಿ ತಮ್ಮದೇ ಹರಾಜಿನಲ್ಲಿ ಬಿಡ್ ಮಾಡುತ್ತಾರೆಯೇ? ಆಟೋ ರಿನ್ಯೂ ಹಂತದಲ್ಲಿ ಮಾಮೂಲಿ ದರವೋ, ಕೈಗೆ ಬಂದ ದರವೋ?

ಸರಕುಬೆಟ್ಟೆಯವರ ಒಂದು ಮಾತು ಮಾತ್ರ ಒಪ್ಪುತ್ತೇನೆ. ಹರಾಜು ನಿಲ್ಲಿಸಿದರೆ ಲಾಭ ಹಿಡಿಯುವ ಕಂಪನಿಗಳಿಗೆ ಹೋಗುತ್ತದೆ, ಹೋಂಸ್ಟೇಯವರಿಗಲ್ಲ. ಹಾಗಾಗಿ ಬೇಕಾಗಿರುವುದು ನಿಷೇಧ ಅಲ್ಲ. ದಾಟಿಸುವ ಮುಂಚೆಯೂ 30 ದಿನದ ರಿಡೆಂಪ್ಷನ್ ಹಕ್ಕು ಅನ್ವಯಿಸಬೇಕು, ಅಷ್ಟೆ.

ತೀರ್ಥಹಳ್ಳಿ ವಕೀಲ

ದೂರಿನ ದಾರಿ ಹೇಳುತ್ತೇನೆ. ಐಕ್ಯಾನ್‌ನ ಒಪ್ಪಂದ ಪಾಲನೆ ವಿಭಾಗಕ್ಕೆ ನವೀಕರಣ ಮತ್ತು ರಿಡೆಂಪ್ಷನ್ ಕುರಿತ ಪ್ರತ್ಯೇಕ ಅರ್ಜಿ ನಮೂನೆ ಆನ್‌ಲೈನ್‌ನಲ್ಲೇ ಇದೆ, ಶುಲ್ಕ ಇಲ್ಲ. ಆದರೆ "ದರ ಜಾಸ್ತಿ" ಎಂದು ಬರೆದರೆ ಅಲ್ಲಿಗೇ ಮುಗಿಯುತ್ತದೆ, ದರದ ಮೇಲೆ ಅವರಿಗೆ ಅಧಿಕಾರ ಇಲ್ಲ. "ನೋಟಿಸ್ ಬಂದಿಲ್ಲ", "ಶುಲ್ಕ ಪ್ರಕಟಿಸಿಲ್ಲ", "ತಿರುಗಿಸಿದ ಪುಟದಲ್ಲಿ ಮುಕ್ತಾಯದ ಸೂಚನೆ ಇಲ್ಲ" ಎಂದು ನೀತಿಯ ಮಾತಿನಲ್ಲೇ ಬರೆಯಿರಿ, ಚಿತ್ರ ಲಗತ್ತಿಸಿ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ದೂರುದಾರ ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದಾಖಲಿಸಬಹುದು, ಹಾಗಾಗಿ ಶಿವಮೊಗ್ಗದ ಜಿಲ್ಲಾ ಆಯೋಗ ಸಾಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ಎದುರಾಳಿ ಮೊದಲು ಎತ್ತುವ ಆಕ್ಷೇಪ "ಇದು ವಾಣಿಜ್ಯ ಉದ್ದೇಶ, ನೀವು ಗ್ರಾಹಕರೇ ಅಲ್ಲ" ಎಂಬುದು. ಮನೆಯವರೇ ನಡೆಸುವ, ಅದರಿಂದಲೇ ಜೀವನ ಸಾಗಿಸುವ ಹೋಂಸ್ಟೇ ಆದರೆ ಸ್ವಯಂ ಉದ್ಯೋಗದ ವಿನಾಯಿತಿ ಇದೆ. ದೂರಿನ ಮೊದಲ ಪುಟದಲ್ಲೇ ಅದನ್ನು ಹೇಳಿಬಿಡಿ. ಬಿಲ್ ಯಾರ ಹೆಸರಿಗಿದೆ ನೋಡಿ. ಡಿಸೈನರ್ ಹೆಸರಿಗಿದ್ದರೆ ಅವರನ್ನೂ ಪಾರ್ಟಿ ಮಾಡಬೇಕಾಗುತ್ತದೆ. ರಿಜಿಸ್ಟ್ರಾರ್‌ಗೆ ಭಾರತದಲ್ಲಿ ಕಚೇರಿ ಇಲ್ಲದಿದ್ದರೆ ಆದೇಶ ಸಿಕ್ಕರೂ ಜಾರಿ ಕಷ್ಟ. ಮೊದಲು 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆದರೆ ಒಮ್ಮೊಮ್ಮೆ ಅಷ್ಟಕ್ಕೇ ಇತ್ಯರ್ಥವಾಗುತ್ತದೆ.

ಹೆಸರು ಕೈಬಿಟ್ಟ ಮೇಲೆ ಡೊಮೈನ್ ವ್ಯಾಜ್ಯದ ದೂರು, ಅಂದರೆ ಯುಡಿಆರ್‌ಪಿ ಹಾಕುತ್ತೇವೆ ಎನ್ನುವವರಿದ್ದಾರೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋದಲ್ಲಿ ಒಬ್ಬ ಪಂಚರ ಮುಂದೆ ಹಾಕಲು 1,500 ಡಾಲರ್. ಟ್ರೇಡ್‌ಮಾರ್ಕ್ ಹಕ್ಕು, ಎದುರಿನವನಿಗೆ ಆ ಹೆಸರಿನ ಮೇಲೆ ನ್ಯಾಯಯುತ ಹಕ್ಕಿಲ್ಲ ಎಂಬುದು, ಅವನ ದುರುದ್ದೇಶ ಮೂರನ್ನೂ ಸಾಬೀತು ಮಾಡಬೇಕು. ಹರಾಜಿನಲ್ಲಿ ಕೊಂಡದ್ದೇ ದುರುದ್ದೇಶ ಆಗುವುದಿಲ್ಲ. ಅದಕ್ಕಿಂತ 9,500 ಕಟ್ಟುವುದು ಅಗ್ಗ, ಬೇಜಾರಾದರೂ.

ಡಾಟ್ ಇನ್ ಹೆಸರುಗಳಿಗೆ ಇದ್ಯಾವುದೂ ಹೀಗೇ ಅನ್ವಯಿಸದು. ಅದು ಭಾರತದ ಸಂಸ್ಥೆಯಾದ ನಿಕ್ಸಿಯ ಆಡಳಿತದಲ್ಲಿದೆ, ಐಕ್ಯಾನ್‌ನ ಈ ನೀತಿ ದೇಶದ ಹೆಸರುಗಳನ್ನು ಕಟ್ಟಿಹಾಕುವುದಿಲ್ಲ, ವ್ಯಾಜ್ಯಕ್ಕೆ ಐಎನ್‌ಡಿಆರ್‌ಪಿ ಎಂಬ ಬೇರೆ ವ್ಯವಸ್ಥೆ. ನಮ್ಮ ಡಾಟ್ ಭಾರತ ಕನ್ನಡ ಹೆಸರುಗಳಿಗೂ ನಿಕ್ಸಿಯೇ.

ಕೊಡಚಾದ್ರಿ ಡಿಎನ್‌ಎಸ್

ವರ್ಗಾವಣೆಯ ದಾರಿ ಯಾರೂ ಹೇಳಲಿಲ್ಲ. ಆಟೋ ರಿನ್ಯೂ ಅವಧಿಯಲ್ಲಿ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಬಹುದು. ಮುಂದಿನ ವರ್ಷದ ಹಣ ಕಟ್ಟಿಲ್ಲ ಎಂಬ ಕಾರಣಕ್ಕೆ ತಡೆಯುವಂತಿಲ್ಲ. ಹಿಂದಿನ ಅವಧಿಯ ಬಾಕಿ ಇದ್ದರೆ ತಡೆಯಬಹುದು. ಕೇಳಿದ 5 ದಿನದೊಳಗೆ ಆಥ್ ಕೋಡ್ (ವರ್ಗಾವಣೆಯ ಗುಪ್ತಪದ) ಕೊಡಬೇಕು, ಕೋಡ್ ಹಾಕಿದ ಮೇಲೆ ದಾಟಲು ಇನ್ನೂ 5 ದಿನ ಹಿಡಿಯಬಹುದು. ವರ್ಗಾವಣೆ ದರದಲ್ಲೇ ಒಂದು ವರ್ಷ ಸೇರಿರುತ್ತದೆ. ಆದರೆ ನಿಮ್ಮ ಬಳಿ ಈಗ ಉಳಿದಿರುವ ದಿನ ಕಡಿಮೆ. ರೀಸೆಲ್ಲರ್ ಮೂಲಕ ಕೋಡ್ ಬರುವಷ್ಟರಲ್ಲಿ ಹರಾಜು ಮುಗಿದರೆ ಎರಡೂ ಕೈತಪ್ಪುತ್ತದೆ. ನಿಮ್ಮ ಪ್ರಕರಣದಲ್ಲಿ ನಾನು ವರ್ಗಾವಣೆಗೆ ಹೋಗುವುದಿಲ್ಲ. ದುಡ್ಡು ಕಟ್ಟಿ ಬಿಡಿಸಿಕೊಂಡು ಆಮೇಲೆ ಜಗಳ. ಮತ್ತೆ, ಇವತ್ತು ನವೀಕರಿಸಿ ಜುಲೈ 25ರೊಳಗೆ ವರ್ಗಾಯಿಸಬೇಡಿ. ರಿಜಿಸ್ಟ್ರಿ ಆ ನವೀಕರಣವನ್ನು ರದ್ದು ಮಾಡಿ ಹಣವನ್ನು ಹಳೆಯ ರಿಜಿಸ್ಟ್ರಾರ್‌ಗೆ ಹಿಂದಿರುಗಿಸುತ್ತದೆ, ನಿಮಗಲ್ಲ. ಒಂದು ವರ್ಷದ ದುಡ್ಡು ನೀರಿಗೆ.

ಮೂಲ ತಪ್ಪು ಎರಡು. ಒಂದು, ಸಂಪರ್ಕದ ಮೇಲ್ ಅದೇ ಡೊಮೈನಿನದ್ದು. ಡಿಎನ್‌ಎಸ್ (ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ನಿಲ್ಲಿಸಿದ ಮೇಲೆ ಬಂದ ಪ್ರತಿ ನೋಟಿಸೂ ಆ ಸತ್ತ ಪೆಟ್ಟಿಗೆಗೇ ಹೋಗಿದೆ. ಇನ್ನೊಂದು ಬಹುಶಃ ಕಾರ್ಡ್. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ತಾನಾಗಿ ಮುರಿಯುವ ಪಾವತಿಗೆ ಇ-ಮ್ಯಾಂಡೇಟ್ (ಗ್ರಾಹಕನ ಮುಂಗಡ ಒಪ್ಪಿಗೆ) ಬೇಕು, 24 ಗಂಟೆ ಮುಂಚೆ ಸೂಚನೆ ಬರಬೇಕು. ಆ ವ್ಯವಸ್ಥೆಗೆ ಸೇರದ ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ಆಟೋ ರಿನ್ಯೂ ಹಸಿರು ಬಟನ್ ಕಾಣುತ್ತಿದ್ದರೂ ನಮ್ಮ ಕಾರ್ಡ್‌ನಲ್ಲಿ ಪಾವತಿ ವಿಫಲವಾಗುತ್ತದೆ. ಖಾತೆಯಲ್ಲಿ ಮುಂಗಡ ಹಣ ಇಡಿ, ಇಲ್ಲವೇ ಹೆಚ್ಚು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಡಾಟ್ ಕಾಮ್‌ಗೆ 10 ವರ್ಷದವರೆಗೆ ಆಗುತ್ತದೆ.

ಹೊಳೆದಂಡೆ

ನೋಡಿದೆ. ಸ್ಟೇಟಸ್ ಆಟೋ ರಿನ್ಯೂ ಪೀರಿಯಡ್ ಅಂತಲೇ ಇದೆ. ಜಾಹೀರಾತು ಪುಟದಲ್ಲಿ ಮುಕ್ತಾಯದ ಮಾತೇ ಇಲ್ಲ. ಪ್ರಕಟಿತ ಶುಲ್ಕದ ಕೊಂಡಿ ಕೇಳಿ ಟಿಕೆಟ್ ಹಾಕಿದ ಮೇಲೆ "ಒಂದು ಬಾರಿಯ ವಿನಾಯಿತಿ" ಎಂದು 2,100ಕ್ಕೆ ಇಳಿಸಿದರು. ಕಟ್ಟಿಸಿದ್ದೇನೆ, ಹರಾಜು ಪುಟದಿಂದ ಹೆಸರು ಹೋಗಿದೆ. ಆದರೆ ಸೈಟ್ ಕೆಲವರಿಗೆ ಬರುತ್ತಿದೆ, ಕೆಲವರಿಗೆ ಇನ್ನೂ ಜಾಹೀರಾತೇ.

ಕೊಡಚಾದ್ರಿ ಡಿಎನ್‌ಎಸ್

ಅದು ಸಹಜ. ಡಾಟ್ ಕಾಮ್ ವಲಯದಲ್ಲಿ, ಹೆಸರು ಯಾವ ಸರ್ವರ್ ಕಡೆ ಹೋಗಬೇಕೆಂದು ಹೇಳುವ ನೇಮ್‌ಸರ್ವರ್ ದಾಖಲೆಯ ಟಿಟಿಎಲ್ (ಅದನ್ನು ನೆನಪಿಟ್ಟುಕೊಳ್ಳುವ ಗರಿಷ್ಠ ಸಮಯ) 1,72,800 ಸೆಕೆಂಡ್, ಅಂದರೆ 48 ಗಂಟೆ. ಜಾಹೀರಾತಿನ ನೇಮ್‌ಸರ್ವರ್ ನೆನಪಿಟ್ಟುಕೊಂಡ ಕಡೆ ಅಷ್ಟು ಹೊತ್ತು ಹಳೆಯದೇ ಕಾಣಬಹುದು. ನೇಮ್‌ಸರ್ವರ್ ನಿಮ್ಮ ಹೋಸ್ಟಿಂಗ್‌ನದ್ದಕ್ಕೆ ಮರಳಿದೆಯೇ ಎಂದು ಆರ್‌ಡಿಎಪಿಯಲ್ಲಿ ನೋಡಿ, ಕೆಲವು ಸಲ ಕೈಯಾರೆ ಬದಲಿಸಬೇಕಾಗುತ್ತದೆ. ಮೇಲ್ ವಿಷಯದಲ್ಲಿ, ಕಳಿಸಿದ ಸರ್ವರ್‌ಗಳು ಸಾಮಾನ್ಯವಾಗಿ 4–5 ದಿನ ಮಾತ್ರ ಮತ್ತೆ ಮತ್ತೆ ಯತ್ನಿಸುತ್ತವೆ. ಅದಕ್ಕೂ ಹಿಂದಿನ ಬುಕಿಂಗ್ ಮೇಲ್‌ಗಳು ತಾವಾಗಿ ಬರುವುದಿಲ್ಲ, ಬುಕಿಂಗ್ ಸೈಟ್‌ಗಳ ಡ್ಯಾಶ್‌ಬೋರ್ಡ್‌ಗೆ ಲಾಗಿನ್ ಆಗಿ ನೋಡಿಕೊಳ್ಳಬೇಕು. ಇವತ್ತೇ ಸಂಪರ್ಕದ ಮೇಲ್ ಬದಲಿಸಿ, ಬೇರೆ ಡೊಮೈನಿನದ್ದು ಹಾಕಿ. ನೋಂದಣಿಯ ಹೆಸರು ಡಿಸೈನರ್‌ದಾಗಿದ್ದರೆ ಅದನ್ನು ಬದಲಿಸಿದ ಮೇಲೆ 60 ದಿನ ವರ್ಗಾವಣೆಗೆ ಬೀಗ ಬೀಳಬಹುದು, ಅದನ್ನು ಲೆಕ್ಕದಲ್ಲಿಟ್ಟುಕೊಂಡು ಸೆಪ್ಟೆಂಬರ್ ನಂತರ ಬೇರೆಡೆಗೆ ಒಯ್ಯಿರಿ.